ನಮ್ಮ ಕೊಠಡಿಯ ನಿಸ್ತಂತು ಕೇಂದ್ರ

ತಂತಿಯಿಲ್ಲದೆ ಮಾತನ್ನು ದೂರಕ್ಕೆ ಮುಟ್ಟಿಸುವ ವಿದ್ಯೆ ನಮ್ಮ ಮೈಸೂರಿಗೆ ಹೊಸದಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 'ವಿಠಲ ವಿಹಾರ'ವೆಂಬ ತಮ್ಮ ಮನೆಯಲ್ಲಿಯೇ ಮೂವತ್ತು ವಾಟ್ ಶಕ್ತಿಯ ಒಂದು ಪ್ರೇಷಕ ಯಂತ್ರವನ್ನಿಟ್ಟು ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆಯ ಹೆಸರಾಯಿತು. ಅವರು ಎಂಜಿನಿಯರರಲ್ಲ, ಮನಶ್ಶಾಸ್ತ್ರದ ಮೇಷ್ಟರು ಎಂಬುದನ್ನು ವಾಚಕರು ಗಮನಿಸಬೇಕು. ಕಲಾವಿಭಾಗದವರಿಗೆ ಯಂತ್ರದ ಗೊಡವೆ ಏಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ. ಚರಿತ್ರೆಯ ವಿದ್ಯಾರ್ಥಿಯಾದ ನಾನು ಈ ಲೇಖನವನ್ನು ಬರೆಯುವ ಧೈರ್ಯ ಮಾಡಿರುವುದೂ ಆ ಉದಾಹರಣೆಯ ಬಲದಿಂದಲೇ.

ಇಂದು ಪ್ರತಿಯೊಂದು ಲ್ಯಾಪ್‌ಟಾಪಿನೊಳಗೂ ಒಂದು ಚಿಕ್ಕ ರೇಡಿಯೋ ಕೇಂದ್ರ ಅಡಗಿದೆ. ಅದರ ಶಕ್ತಿ ಸಾಮಾನ್ಯವಾಗಿ ಹತ್ತನೆಯ ಒಂದು ವಾಟ್, ಅಥವಾ ಅದಕ್ಕೂ ಕಡಮೆ. ಎಂದರೆ ಗೋಪಾಲಸ್ವಾಮಿಯವರ ಯಂತ್ರದ ಮುನ್ನೂರರಲ್ಲಿ ಒಂದು ಪಾಲು. ಆದರೂ ಒಂದು ಮನೆಗೆ ಇಂಟರ್ನೆಟ್ಟನ್ನು ಹಂಚುವುದಕ್ಕೆ ಅಷ್ಟು ಸಾಕು. ಹೀಗೆ ಲ್ಯಾಪ್‌ಟಾಪು ತನಗೆ ಬಂದ ಸಂಪರ್ಕವನ್ನು ಸುತ್ತಲಿನ ಫೋನುಗಳಿಗೆ ಹಂಚುವ ನೆಲೆಯಾಗಿ ನಿಂತಾಗ ಅದನ್ನು ವೈಫೈ ಹಾಟ್‌ಸ್ಪಾಟ್ ಎನ್ನುತ್ತಾರೆ. ಒಂದು ಕಾಲಕ್ಕೆ ರೇಡಿಯೋ ಕೇಳುವುದಕ್ಕೂ ಸರ್ಕಾರದ ಲೈಸೆನ್ಸು ಬೇಕಾಗಿತ್ತು. ಆದರೆ 2005ರ ಜನವರಿಯಲ್ಲಿ ಭಾರತ ಸರ್ಕಾರವು 2.4 ಗಿಗಾಹರ್ಟ್ಸ್ ಎಂಬ ಅಲೆಗಳ ಪಟ್ಟಿಯನ್ನು ಮಿತವಾದ ಶಕ್ತಿಯಲ್ಲಿ ಬಳಸುವವರಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನೂ ಹಾಗೆಯೇ ಬಿಡುಗಡೆ ಮಾಡಿತು. ನಮ್ಮ ಕೊಠಡಿಯಲ್ಲಿ ನಾವು ಪ್ರಸಾರ ಮಾಡಬಲ್ಲೆವಾದರೆ ಅದು ಈ ವಿನಾಯಿತಿಯ ಫಲ.

ಸುಲಭವಾಗಿ ಸಿಕ್ಕುವ ವಸ್ತು ಕೆಟ್ಟಾಗ ಮಾತ್ರ ಅದರ ಒಳಗುಟ್ಟು ನಮಗೆ ಬೇಕಾಗುತ್ತದೆ. ನನಗೂ ಹಾಗೆಯೇ ಆಯಿತು.

ದೇವರಾಜ ಮೊಹಲ್ಲಾದ ಶಿವರಾಮಪೇಟೆಯಲ್ಲಿ, ಹಳೆಯ ಮನೆಯೊಂದರ ಮಹಡಿಯ ಕೊಠಡಿಯಲ್ಲಿ ನಾವು ನಾಲ್ವರು ವಿದ್ಯಾರ್ಥಿಗಳಿದ್ದೇವೆ. ಕೆಳಗಡೆ ಮನೆಯವರ ರೌಟರು ಇದೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಅದರ ಅಲೆ ಮಹಡಿಗೆ ಮುಟ್ಟುವುದಿಲ್ಲ. ಮನೆಯೊಡತಿಯಾದ ಅಮ್ಮನವರು ದಯವಿಟ್ಟು ಅಲ್ಲಿಂದ ಒಂದು ತಂತಿಯನ್ನು ಕಿಟಕಿಯ ಮೂಲಕ ಮೇಲಕ್ಕೆ ಎಳೆಯಲು ಒಪ್ಪಿದ್ದರು. ಆ ತಂತಿ ಬಂದು ಸೇರುವುದು ನನ್ನ ಹಳೆಯ ಲ್ಯಾಪ್‌ಟಾಪಿಗೆ. ವಿಂಡೋಸ್ 10ಕ್ಕೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತುಹೋಯಿತು. ಹೊಸದನ್ನು ಹೊರುವ ತ್ರಾಣ ನನ್ನ ಯಂತ್ರಕ್ಕಿರಲಿಲ್ಲ. ಆದ್ದರಿಂದ ಅದಕ್ಕೆ ಲಿನಕ್ಸನ್ನು ಹಾಕಿದ್ದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿ, ಅನಂತರ ಲೋಕದ ಸಾವಿರಾರು ಜನ ಕೂಡಿ ಬೆಳಸಿದ ಈ ವ್ಯವಸ್ಥೆಗೆ ದುಡ್ಡು ಕೊಡಬೇಕಾಗಿಲ್ಲ. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಅದು ಯಾರಿಂದಲೂ ಮುಚ್ಚಿಡುವುದೂ ಇಲ್ಲ. ಈ ಎರಡನೆಯ ಗುಣದ ಬೆಲೆ ನನಗೆ ಒಂದು ರಾತ್ರಿ ಗೊತ್ತಾಯಿತು.

ನನ್ನ ಮೂವರು ಗೆಳೆಯರು ಒಂದು ವಿದ್ಯಾರ್ಥಿವೇತನದ ಆಯ್ಕೆ ಪರೀಕ್ಷೆಗೆ ಹೆಸರು ಕೊಟ್ಟಿದ್ದರು. ಅದು ಇಂಟರ್ನೆಟ್ಟಿನ ಮೂಲಕ ನಡೆಯುವ ಪರೀಕ್ಷೆ. ಬೆಳಗ್ಗೆ ಹತ್ತು ಗಂಟೆಗೆ ಮೂವರೂ ಒಂದೇ ಹೊತ್ತಿನಲ್ಲಿ ತಮ್ಮ ತಮ್ಮ ಫೋನಿನಲ್ಲಿ ಬರೆಯಬೇಕು. ಕೊಠಡಿಯೊಳಗೆ ಫೋನಿನ ಸಿಗ್ನಲ್ಲು ನಂಬುವಂತಹದಲ್ಲ. ಹಿಂದಿನ ರಾತ್ರಿ ಎಂಟು ಗಂಟೆಗೆ, ಒಮ್ಮೆ ನೋಡಿಯೇಬಿಡೋಣವೆಂದು ಹಾಟ್‌ಸ್ಪಾಟನ್ನು ಹಚ್ಚಿದೆ. ಹೆಸರು ಫೋನುಗಳಲ್ಲಿ ಕಾಣಿಸಿತು. ಗುಪ್ತಪದವನ್ನು ಕೊಟ್ಟರು. 'ಐಪಿ ವಿಳಾಸವನ್ನು ಪಡೆಯಲಾಗುತ್ತಿದೆ' ಎಂದು ಬರೆದುಕೊಂಡು ಮೂರು ಫೋನುಗಳೂ ನಿಂತವು. ಸ್ವಲ್ಪ ಹೊತ್ತಿನ ಮೇಲೆ ಸಂಪರ್ಕ ಕಡಿದುಹೋಯಿತು. ಹದಿನೈದು ದಿನಗಳ ಹಿಂದೆ ಚೆನ್ನಾಗಿದ್ದ ಏರ್ಪಾಡು ಅದು!

"ಏನಯ್ಯಾ, ನಿನ್ನ ಲಿನಕ್ಸನ್ನು ನಂಬಿಕೊಂಡು ನಾವು ಕೆಟ್ಟೆವಲ್ಲ!" ಎಂದ ನಂಜನಗೂಡಿನ ಗೆಳೆಯ. ಅವನ ಒಂದು ವರ್ಷದ ಓದಿನ ಖರ್ಚು ಆ ಪರೀಕ್ಷೆಯನ್ನು ಅವಲಂಬಿಸಿತ್ತು. ನಾನು ಉತ್ತರ ಕೊಡಲಿಲ್ಲ.

ಮೊದಲ ಒಂದು ಗಂಟೆಯನ್ನು ನಾವು ಎಲ್ಲರೂ ಮಾಡುವಂತೆಯೇ ಹಾಳುಮಾಡಿದೆವು. ಯಂತ್ರವನ್ನು ಆರಿಸಿ ಹಚ್ಚಿದೆವು. ಫೋನುಗಳನ್ನು ಆರಿಸಿ ಹಚ್ಚಿದೆವು. ತಂತಿಯನ್ನು ಕಿತ್ತು ಚುಚ್ಚಿದೆವು. ಗುಪ್ತಪದವನ್ನು ಮೂರು ಸಾರಿ ಬದಲಾಯಿಸಿದೆವು. ಆಮೇಲೆ ಕಾಗದ ತೆಗೆದುಕೊಂಡು, ಹಾಟ್‌ಸ್ಪಾಟೆಂಬುದು ಯಾವ ಯಾವ ಕೆಲಸಗಳಿಂದ ಆದದ್ದು ಎಂಬುದನ್ನು ಒಂದರ ಕೆಳಗೆ ಒಂದಾಗಿ ಬರೆದೆ. ಈ ಲೇಖನದ ತಿರುಳು ಆ ಪಟ್ಟಿಯೇ.

ಹಾಟ್‌ಸ್ಪಾಟನ್ನು ನಮ್ಮ ಊರಿನ ಹಳೆಯ ವಠಾರಕ್ಕೆ ಹೋಲಿಸಬಹುದು. ವಠಾರಕ್ಕೆ ಒಂದು ಹೊರಬಾಗಿಲು ಉಂಟು. ಪರಿಚಯ ಹೇಳಿದವರನ್ನು ಮಾತ್ರ ಒಳಗೆ ಬಿಡುತ್ತಾರೆ. ಒಳಗೆ ಬಂದ ಪ್ರತಿಯೊಂದು ಸಂಸಾರಕ್ಕೂ ಒಂದೊಂದು ಮನೆಯ ನಂಬರನ್ನು ಗೊತ್ತುಮಾಡಿಕೊಡುತ್ತಾರೆ. ಆದರೆ ಅಂಚೆಯವನ ಲೆಕ್ಕದಲ್ಲಿ ಇಡೀ ವಠಾರಕ್ಕೆ ಇರುವುದು ಬೀದಿಯ ಒಂದೇ ಒಂದು ನಂಬರು. ಎಲ್ಲರ ಕಾಗದಗಳೂ ಆ ನಂಬರಿನಿಂದಲೇ ಹೊರಡುತ್ತವೆ, ಉತ್ತರಗಳೂ ಅಲ್ಲಿಗೇ ಬರುತ್ತವೆ. ಯಾವುದು ಯಾರದೆಂಬುದನ್ನು ನೆನಪಿಟ್ಟು ಹಂಚುವವರು ವಠಾರದ ಯಜಮಾನರು. ಕೊನೆಯದಾಗಿ, ದೂರದ ನೆಂಟರ ಹೆಸರು ಹೇಳಿದರೆ ವಿಳಾಸವನ್ನು ಹುಡುಕಿಕೊಡುವ ಒಂದು ಪುಸ್ತಕವೂ ಅವರ ಹತ್ತಿರ ಇರುತ್ತದೆ. ಬಾಗಿಲು, ಮನೆನಂಬರು, ಅಂಚೆ, ವಿಳಾಸದ ಪುಸ್ತಕ: ಈ ನಾಲ್ಕು ಕೆಲಸಗಳನ್ನೂ ಲ್ಯಾಪ್‌ಟಾಪು ಒಬ್ಬನೇ ಮಾಡಬೇಕು. ಇವುಗಳಲ್ಲಿ ಯಾವುದು ತಪ್ಪಿದೆಯೋ ಅದಕ್ಕೆ ತಕ್ಕ ಲಕ್ಷಣ ಹೊರಗೆ ಕಾಣುತ್ತದೆ. ಲಕ್ಷಣವನ್ನು ನೋಡಿ ರೋಗವನ್ನು ಗುರುತಿಸುವುದು ವೈದ್ಯನ ಕ್ರಮ. ನಮ್ಮದೂ ಅದೇ ಆಗಬೇಕು.

ಕೆಳಗೆ ಬರುವ ಆಜ್ಞೆಗಳನ್ನು ಟರ್ಮಿನಲ್ ಎಂಬ ಕಿಟಕಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ಇಲ್ಲಿ ಅವುಗಳನ್ನು ಉಚ್ಚಾರಣೆಗೆ ಅನುಸಾರವಾಗಿ ಕನ್ನಡದಲ್ಲಿ ಬರೆದಿದ್ದೇನೆ.

ಮೊದಲನೆಯದು ಹೊರಬಾಗಿಲು, ಎಂದರೆ ರೇಡಿಯೋ. ಹಾಟ್‌ಸ್ಪಾಟಿನ ಹೆಸರೇ ಫೋನಿನಲ್ಲಿ ಕಾಣಿಸದಿದ್ದರೆ ದೋಷ ಇಲ್ಲಿದೆ. 'ಆರ್‌ಎಫ್‌ಕಿಲ್ ಲಿಸ್ಟ್' ಎಂಬ ಆಜ್ಞೆ ರೇಡಿಯೋವನ್ನು ಯಾರಾದರೂ ಮುಚ್ಚಿದ್ದಾರೆಯೇ ಎಂಬುದನ್ನು ಹೇಳುತ್ತದೆ. 'ಸಾಫ್ಟ್ ಬ್ಲಾಕ್ಡ್' ಎಂದು ಬಂದರೆ ತಂತ್ರಾಂಶ ಮುಚ್ಚಿದೆ, 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಎಂದರೆ ಬಿಡುತ್ತದೆ. 'ಹಾರ್ಡ್ ಬ್ಲಾಕ್ಡ್' ಎಂದು ಬಂದರೆ ಯಂತ್ರದ ಪಕ್ಕದ ಸ್ವಿಚ್ಚನ್ನೋ ವಿಮಾನದ ಚಿತ್ರವಿರುವ ಕೀಲಿಯನ್ನೋ ನೋಡಬೇಕು. ಇನ್ನು, ಎಲ್ಲ ವೈಫೈ ಕಾರ್ಡುಗಳೂ ಕೇಳಬಲ್ಲವು, ಆದರೆ ಎಲ್ಲವೂ ಪ್ರಸಾರಕೇಂದ್ರವಾಗಿ ನಿಲ್ಲಲಾರವು. 'ಐಡಬ್ಲ್ಯು ಲಿಸ್ಟ್' ಎಂದು ಕೇಳಿದರೆ ಬರುವ ದೀರ್ಘವಾದ ಉತ್ತರದಲ್ಲಿ 'ಸಪೋರ್ಟೆಡ್ ಇಂಟರ್‌ಫೇಸ್ ಮೋಡ್ಸ್' ಎಂಬ ತಲೆಬರಹದ ಕೆಳಗೆ 'ಎಪಿ' ಎಂಬ ಎರಡು ಅಕ್ಷರಗಳಿರಬೇಕು. ಇಲ್ಲದಿದ್ದರೆ ಆ ಕಾರ್ಡಿನೊಡನೆ ಗುದ್ದಾಡುವುದು ವ್ಯರ್ಥ. ಆ ಗುಣವುಳ್ಳ ಯುಎಸ್‌ಬಿ ವೈಫೈ ಕಡ್ಡಿಯೊಂದನ್ನು ಚುಚ್ಚುವುದೇ ದಾರಿ.

ಇಲ್ಲಿಯೇ ಅನೇಕರು ಎಡವುವ ಇನ್ನೊಂದು ಸ್ಥಳವಿದೆ. ಒಂದೇ ಕಾರ್ಡು ಹೊರಗಿನ ವೈಫೈಯನ್ನು ಕೇಳುತ್ತಾ ಅದನ್ನೇ ತಿರುಗಿ ಪ್ರಸಾರ ಮಾಡಲಿ ಎಂದು ಅಪೇಕ್ಷಿಸುವುದು. ಕೆಲವು ಕಾರ್ಡುಗಳು ಎರಡೂ ಕೆಲಸವನ್ನು ಒಂದೇ ಚಾನೆಲ್ಲಿನಲ್ಲಿ ಮಾಡಬಲ್ಲವು, ಹಲವು ಮಾಡಲಾರವು. ಒಂದೇ ಬಾಯಲ್ಲಿ ಉಣ್ಣುತ್ತಾ ಹಾಡುವುದು ಕಷ್ಟ. ಆದ್ದರಿಂದ ಇಂಟರ್ನೆಟ್ಟು ತಂತಿಯಿಂದ ಬಂದು ಅಲೆಯಿಂದ ಹೋಗುವ ನಮ್ಮಂತಹ ಏರ್ಪಾಡು ಎಲ್ಲಕ್ಕಿಂತ ಸರಳ.

ಚಾನೆಲ್ಲಿನ ವಿಷಯವನ್ನೂ ಇಲ್ಲಿ ಹೇಳಬೇಕು. ಅಲೆಗಳ ನಿಯಮ ದೇಶದಿಂದ ದೇಶಕ್ಕೆ ಬೇರೆ. ತಾನು ಯಾವ ದೇಶದಲ್ಲಿದ್ದೇನೆಂದು ತಿಳಿಯದ ಲಿನಕ್ಸು 'ಸೊನ್ನೆ ಸೊನ್ನೆ' ಎಂಬ ದೇಶದ ನಿಯಮವನ್ನು ಅನುಸರಿಸುತ್ತದೆ. ಎಲ್ಲಿಯೂ ತಪ್ಪಾಗದಂತೆ 5 ಗಿಗಾಹರ್ಟ್ಸಿನಲ್ಲಿ ತಾನಾಗಿ ಮೊದಲು ಮಾತನಾಡುವುದಿಲ್ಲ. ಪ್ರಸಾರಕೇಂದ್ರವೆಂದರೆ ಮೊದಲು ಮಾತನಾಡುವುದೇ ತಾನೆ! ಆದ್ದರಿಂದ ಹಾಟ್‌ಸ್ಪಾಟು ಏಳುವುದೇ ಇಲ್ಲ. 'ಐಡಬ್ಲ್ಯು ರೆಗ್ ಗೆಟ್' ಎಂದರೆ ಈಗಿನ ದೇಶವನ್ನು ತೋರಿಸುತ್ತದೆ. 'ಸುಡೊ ಐಡಬ್ಲ್ಯು ರೆಗ್ ಸೆಟ್ ಐಎನ್' ಎಂದರೆ ಭಾರತವೆಂದು ತಿಳಿಸಿದಂತಾಗುತ್ತದೆ. ಇಲ್ಲಿ 'ಐಎನ್' ಎಂಬ ಎರಡಕ್ಷರಗಳನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಹೊಡೆಯಬೇಕು. ಇಂಟೆಲ್ ಕಂಪನಿಯ ಅನೇಕ ಕಾರ್ಡುಗಳು ಈ ಮಾತನ್ನು ಕೇಳದೆ ತಮ್ಮದೇ ಲೆಕ್ಕ ಇಟ್ಟುಕೊಳ್ಳುತ್ತವೆ, ಅಂತಹವುಗಳಲ್ಲಿ 2.4 ಗಿಗಾಹರ್ಟ್ಸಿಗೆ ಇಳಿಯುವುದೇ ಕ್ಷೇಮ. ಆ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ ಹದಿಮೂರು ಚಾನೆಲ್ಲುಗಳುಂಟು. ಅವುಗಳ ನಡುವಣ ಅಂತರ ಐದೇ ಮೆಗಾಹರ್ಟ್ಸ್; ಒಂದು ಕೇಂದ್ರ ಆಕ್ರಮಿಸುವ ಅಗಲವಾದರೋ ಸುಮಾರು ಇಪ್ಪತ್ತು. ಆದ್ದರಿಂದ ಒಂದರ ಮೇಲೊಂದು ಬೀಳದ ಚಾನೆಲ್ಲುಗಳೆಂದು 1, 6 ಮತ್ತು 11ನ್ನು ಆರಿಸಿಕೊಳ್ಳುವುದು ರೂಢಿ. ಅಂಗಡಿಗಳು ಒತ್ತೊತ್ತಾಗಿರುವ ನಮ್ಮ ಮೊಹಲ್ಲಾದಲ್ಲಿ ಈ ಮೂರರಲ್ಲಿ ಯಾವುದು ಕಡಮೆ ಗದ್ದಲವುಳ್ಳದ್ದೋ ಅದನ್ನು ಹಿಡಿಯಬೇಕು.

ಹೆಸರು ಕಾಣುತ್ತದೆ, ಆದರೆ ಗುಪ್ತಪದವನ್ನು ಒಪ್ಪುವುದಿಲ್ಲ ಎಂದಾದರೆ ಬಾಗಿಲಿನ ಕಾವಲಿನಲ್ಲಿ ದೋಷ. ಗುಪ್ತಪದ ಎಂಟಕ್ಕಿಂತ ಕಡಮೆ ಅಕ್ಷರವಿರಕೂಡದು. ಡಬ್ಲ್ಯುಪಿಎ3 ಎಂಬ ಹೊಸ ಕ್ರಮವನ್ನು ಹಳೆಯ ಫೋನುಗಳು ಅರಿಯವು; ಅವುಗಳಿಗಾಗಿ ಡಬ್ಲ್ಯುಪಿಎ2ನ್ನು ಇಡಬೇಕು.

ನಮ್ಮ ಸಂಗತಿಯಲ್ಲಿ ಹೆಸರು ಕಾಣುತ್ತಿತ್ತು, ಗುಪ್ತಪದವೂ ಒಪ್ಪಿಗೆಯಾಗಿತ್ತು. ಆದ್ದರಿಂದ ಬಾಗಿಲು ನೆಟ್ಟಗಿದೆ ಎಂದು ಗೆರೆ ಎಳೆದು ಮುಂದಕ್ಕೆ ಹೋದೆ. ತಿಳಿದದ್ದನ್ನು ಹೀಗೆ ಹೊಡೆದುಹಾಕುತ್ತಾ ಬಂದರೆ ಮನಸ್ಸಿನ ಗಾಬರಿಯೂ ಅರ್ಧ ಇಳಿಯುತ್ತದೆ.

ಎರಡನೆಯದು ಮನೆನಂಬರು. ವಿಳಾಸ ಸಿಕ್ಕದೆ ಫೋನು ನಿಂತರೆ ದೋಷ ಇಲ್ಲಿಯದು. ಲಿನಕ್ಸಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಎಂಬ ಮೇಲ್ವಿಚಾರಕ ಹಾಟ್‌ಸ್ಪಾಟನ್ನು ಹಚ್ಚಿದಾಗ ಸಾಮಾನ್ಯವಾಗಿ ತಾನು 10.42.0.1 ಎಂಬ ವಿಳಾಸವನ್ನು ತೆಗೆದುಕೊಂಡು, ಬಂದವರಿಗೆ ಅದೇ ಸಾಲಿನ ನಂಬರುಗಳನ್ನು ಹಂಚಲು ಡಿಎನ್‌ಎಸ್‌ಮಾಸ್ಕ್ ಎಂಬ ಗುಮಾಸ್ತನನ್ನು ನೇಮಿಸುತ್ತಾನೆ. ಆ ಗುಮಾಸ್ತ ಯಂತ್ರದಲ್ಲಿ ಇಲ್ಲದಿರಬಹುದು. ಅಥವಾ ಅವನ ಕುರ್ಚಿಯಲ್ಲಿ ಅದೇ ಕೆಲಸದ ಇನ್ನೊಬ್ಬ ಮೊದಲೇ ಬಂದು ಕೂತಿರಬಹುದು. 'ಜರ್ನಲ್‌ಸಿಟಿಎಲ್ ಹೈಫನ್ ಎಫ್' ಎಂದು ಆಜ್ಞೆ ಕೊಟ್ಟರೆ ಯಂತ್ರದ ದಿನಚರಿ ಸಾಲು ಸಾಲಾಗಿ ಕಣ್ಣಮುಂದೆ ಹರಿಯುತ್ತದೆ. ಲಿನಕ್ಸಿನಲ್ಲಿ ಇದರಷ್ಟು ಉಪಕಾರಿಯಾದ ವಸ್ತು ಮತ್ತೊಂದಿಲ್ಲ. ಎಲ್ಲವೂ ಸರಿಯಾಗಿದ್ದರೆ ಅದರಲ್ಲಿ ನಾಲ್ಕು ಮಾತುಗಳ ಸಂಭಾಷಣೆ ಕಾಣಬೇಕು: ಫೋನು 'ಯಾರಾದರೂ ನಂಬರು ಕೊಡುವವರಿದ್ದೀರಾ?' ಎಂದು ಕೂಗುತ್ತದೆ. ಗುಮಾಸ್ತ 'ಇದೋ, ಇದನ್ನು ತೆಗೆದುಕೊ' ಎನ್ನುತ್ತಾನೆ. ಫೋನು 'ಅದನ್ನೇ ಕೊಡಿ' ಎನ್ನುತ್ತದೆ. 'ಕೊಟ್ಟಿದೆ' ಎಂದು ಗುಮಾಸ್ತ ಮುಗಿಸುತ್ತಾನೆ.

ನಮ್ಮ ಯಂತ್ರದ ದಿನಚರಿಯಲ್ಲಿ ಗುಮಾಸ್ತ ಕೆಲಸಕ್ಕೆ ಬಂದ ಸಾಲು ಇತ್ತು. ಆದರೆ ಫೋನಿನ ಕೂಗು ಒಂದೂ ಬರೆದಿರಲಿಲ್ಲ. ಫೋನು ಕೂಗುತ್ತಿದೆ, ಗುಮಾಸ್ತ ಕೂತಿದ್ದಾನೆ, ಆದರೂ ಅವನಿಗೆ ಕೇಳಿಸುತ್ತಿಲ್ಲ! ಹಾಗಾದರೆ ಇಬ್ಬರ ನಡುವೆ ಏನೋ ಒಂದು ಅಡ್ಡ ನಿಂತಿರಬೇಕು. ಆ ಕ್ಷಣದಲ್ಲಿ ನನಗೆ ಹೊಳೆಯಿತು. ಒಂದು ವಾರದ ಹಿಂದೆ, ರಕ್ಷಣೆ ಇರಲಿ ಎಂದು ಯಾರೋ ಹೇಳಿದ್ದನ್ನು ಕೇಳಿ, ಯುಎಫ್‌ಡಬ್ಲ್ಯು ಎಂಬ ಬೆಂಕಿಗೋಡೆಯನ್ನು ನಾನೇ ನನ್ನ ಕೈಯಾರೆ ಹಚ್ಚಿದ್ದೆ. ಹೊರಗಿನಿಂದ ಬರುವ ಯಾವ ಕರೆಯನ್ನೂ ಒಳಗೆ ಬಿಡದಿರುವುದು ಅದರ ಸ್ವಭಾವ. ಕೊಠಡಿಯೊಳಗಿನ ಗೆಳೆಯರ ಫೋನುಗಳೂ ಅದಕ್ಕೆ ಹೊರಗಿನವರೇ. 'ಸುಡೊ ಯುಎಫ್‌ಡಬ್ಲ್ಯು ಸ್ಟೇಟಸ್' ಎಂದು ಕೇಳಿದೆ. 'ಆಕ್ಟಿವ್' ಎಂದು ಉತ್ತರ ಬಂತು. ತಂತಿಯನ್ನೂ ಗೋಡೆಯನ್ನೂ ಲಿನಕ್ಸನ್ನೂ ಬಯ್ದು ಮುಗಿಸಿದ್ದ ನಮಗೆ ತಪ್ಪಿತಸ್ಥ ಸಿಕ್ಕಿದ. ಅವನು ನಾನೇ ಆಗಿದ್ದೆ. ಗೆಳೆಯರಿಗೆ ಅದನ್ನು ಹೇಳುವುದಕ್ಕೆ ಸ್ವಲ್ಪ ನಾಚಿಕೆಯಾಯಿತು. ಆದರೂ ಹೇಳಿದೆ.

"ಹಾಗಾದರೆ ಆ ಗೋಡೆಯನ್ನು ಕೆಡವಿ ಹಾಕು, ಮಲಗೋಣ" ಎಂದ ಒಬ್ಬ. ಅದು ಸುಲಭವಾದ ದಾರಿ. ಆದರೆ ಕಳ್ಳನ ಭಯಕ್ಕೆ ಹಾಕಿದ ಬಾಗಿಲನ್ನು ನೆಂಟರು ಬಂದರೆಂದು ಕಿತ್ತುಹಾಕುವುದು ಬುದ್ಧಿವಂತಿಕೆಯಲ್ಲ. ನೆಂಟರಿಗೆ ಬೇಕಾದಷ್ಟು ತೆರೆದರೆ ಸಾಕು. ವಿಳಾಸ ಹಂಚುವ ಕೆಲಸ 67ನೆಯ ದ್ವಾರದಲ್ಲಿ ನಡೆಯುತ್ತದೆ, ಹೆಸರು ಹುಡುಕುವ ಕೆಲಸ 53ನೆಯದರಲ್ಲಿ. ವೈಫೈ ಕಡೆಯಿಂದ ಬರುವವರಿಗೆ ಮಾತ್ರ ಈ ಎರಡು ದ್ವಾರಗಳನ್ನು ತೆರೆಯುವಂತೆ 'ಯುಎಫ್‌ಡಬ್ಲ್ಯು ಅಲೌ ಇನ್ ಆನ್' ಎಂಬ ಆಜ್ಞೆಯಿಂದ, ವೈಫೈ ಕಾರ್ಡಿನ ಹೆಸರನ್ನೂ ದ್ವಾರದ ಸಂಖ್ಯೆಯನ್ನೂ ಸೇರಿಸಿ, ಅಪ್ಪಣೆ ಕೊಟ್ಟೆ. ಕಾರ್ಡುಗಳ ಹೆಸರನ್ನು 'ಐಪಿ ಎ' ಎಂಬ ಆಜ್ಞೆ ತಿಳಿಸುತ್ತದೆ. ಕೂಡಲೆ ದಿನಚರಿಯಲ್ಲಿ ನಾಲ್ಕು ಮಾತುಗಳ ಸಂಭಾಷಣೆ ಮೂರು ಸಾರಿ ಮೂಡಿತು. ಮೂರು ಫೋನುಗಳಿಗೂ ವಿಳಾಸ ಬಂತು.

ಆಗ ಗಂಟೆ ಹತ್ತೂವರೆ. ನಮ್ಮ ಸಂತೋಷದ ಕೂಗಿಗೆ ಕೆಳಗಿನಿಂದ ಅಮ್ಮನವರು, "ಏನ್ರಪ್ಪಾ, ಇನ್ನೂ ಮಲಗಲಿಲ್ಲವೇ?" ಎಂದರು. ಮಲಗುವ ಹಾಗಿರಲಿಲ್ಲ. ಏಕೆಂದರೆ ಫೋನುಗಳು ಈಗ ಹೊಸ ರಾಗ ಹಾಡತೊಡಗಿದ್ದವು: 'ಸಂಪರ್ಕವಾಗಿದೆ, ಇಂಟರ್ನೆಟ್ ಇಲ್ಲ.'

ಇದು ಮೂರನೆಯದಾದ ಅಂಚೆಯ ದೋಷದ ಲಕ್ಷಣ. ಇಂಟರ್ನೆಟ್ಟಿನ ಹಳೆಯ ವಿಳಾಸಪದ್ಧತಿಯಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸಗಳು ಮಾತ್ರ. ಜಗತ್ತಿನ ಕೇಂದ್ರ ಉಗ್ರಾಣದಲ್ಲಿದ್ದ ಕಡೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿಹೋಯಿತು. ಆದರೂ ಲೋಕ ನಡೆದಿದೆಯೆಂದರೆ ಅದಕ್ಕೆ ವಠಾರದ ಉಪಾಯವೂ ಒಂದು ಕಾರಣ: ಒಳಗೆ ಖಾಸಗಿ ನಂಬರುಗಳು, ಹೊರಗೆ ಒಂದೇ ವಿಳಾಸ. ಇದಕ್ಕೆ ನ್ಯಾಟ್ ಎಂದು ಹೆಸರು. ಇದು ನಡೆಯಬೇಕಾದರೆ ಲಿನಕ್ಸು ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸಲು ಒಪ್ಪಿರಬೇಕು. 'ಸಿಸ್‌ಸಿಟಿಎಲ್ ನೆಟ್.ಐಪಿವಿ4.ಐಪಿ_ಫಾರ್ವರ್ಡ್' ಎಂದು ಕೇಳಿದಾಗ ಉತ್ತರ ಒಂದು ಎಂದು ಬಂದರೆ ಒಪ್ಪಿದೆ, ಸೊನ್ನೆ ಎಂದು ಬಂದರೆ ಒಪ್ಪಿಲ್ಲ. ನಮಗೆ ಒಂದು ಎಂದೇ ಬಂತು. ಲ್ಯಾಪ್‌ಟಾಪಿನಿಂದ 'ಪಿಂಗ್ 1.1.1.1' ಎಂದು ನೋಡಿದರೆ ಉತ್ತರವೂ ಬರುತ್ತಿತ್ತು. ಎಂದರೆ ತಂತಿಯ ಕಡೆ ದೋಷವಿಲ್ಲ. ಈ ಸಾರಿ ದಿನಚರಿ ಮೂಕವಾಗಿರಲಿಲ್ಲ. 'ಯುಎಫ್‌ಡಬ್ಲ್ಯು ಬ್ಲಾಕ್' ಎಂಬ ಸಾಲುಗಳು, ವೈಫೈಯಿಂದ ಒಳಬಂದು ತಂತಿಯ ಕಡೆಗೆ ಹೊರಟವರನ್ನು ತಡೆದುದಾಗಿ ಸ್ಪಷ್ಟವಾಗಿ ಸಾರುತ್ತಿದ್ದವು. ಗೋಡೆಗೆ ಮುಂಬಾಗಿಲಿನ ಬೀಗವಲ್ಲದೆ ಹಿತ್ತಿಲ ಬೀಗವೂ ಬೇರೆ ಉಂಟು! 'ಯುಎಫ್‌ಡಬ್ಲ್ಯು ರೂಟ್ ಅಲೌ ಇನ್ ಆನ್' ಎಂದು ವೈಫೈ ಕಾರ್ಡಿನ ಹೆಸರನ್ನೂ, 'ಔಟ್ ಆನ್' ಎಂದು ತಂತಿಯ ಕಾರ್ಡಿನ ಹೆಸರನ್ನೂ ಹೇಳಿದೆ. ಬೀಗ ತೆಗೆಯಿತು. ಡಾಕರ್ ಎಂಬ ತಂತ್ರಾಂಶವನ್ನು ಹಾಕಿಕೊಂಡವರ ಯಂತ್ರದಲ್ಲಿಯೂ ಇಂತಹುದೇ ಒಂದು ಹಿತ್ತಿಲ ಬೀಗ ತಾನಾಗಿ ಬೀಳುತ್ತದೆ ಎಂಬುದನ್ನು ನೆನಪಿಡಬೇಕು.

ನಾಲ್ಕನೆಯದಾದ ವಿಳಾಸದ ಪುಸ್ತಕ ನಮಗೆ ತೊಂದರೆ ಕೊಡಲಿಲ್ಲ. ಆದರೂ ಅದರ ಪರೀಕ್ಷೆ ಸುಲಭವಾದ್ದರಿಂದ ಹೇಳುತ್ತೇನೆ. ಫೋನಿನ ಬ್ರೌಸರಿನಲ್ಲಿ 1.1.1.1 ಎಂಬ ಸಂಖ್ಯೆಯನ್ನೇ ಹೊಡೆಯಿರಿ. ಸಂಖ್ಯೆಯಿಂದ ಪುಟ ತೆರೆದು, ಹೆಸರುಗಳಿಂದ ಮಾತ್ರ ಯಾವುದೂ ತೆರೆಯದಿದ್ದರೆ ದಾರಿ ಸರಿಯಾಗಿದೆ, ಪುಸ್ತಕ ಕಳೆದಿದೆ ಎಂದು ಅರ್ಥ. ಆಗ 53ನೆಯ ದ್ವಾರವನ್ನೂ ಲ್ಯಾಪ್‌ಟಾಪಿನ ಡಿಎನ್‌ಎಸ್ ಏರ್ಪಾಡನ್ನೂ ನೋಡಬೇಕು.

ಕೆಲಸವೆಲ್ಲ ಮುಗಿದ ಮೇಲೂ ಎರಡು ಎಚ್ಚರಿಕೆಗಳು ಉಳಿಯುತ್ತವೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಯಂತ್ರ ನಿದ್ರೆಹೋಗಿ ಕೇಂದ್ರವೇ ಮುಚ್ಚುತ್ತದೆ. ಆದ್ದರಿಂದ ನಿದ್ರೆಯ ಏರ್ಪಾಡನ್ನು ತೆಗೆದು, ಕರೆಂಟಿಗೆ ಚುಚ್ಚಿ, ಮುಚ್ಚಳ ತೆರೆದೇ ಇಡಬೇಕು. ಅಲೆಯನ್ನು ಸೂಸುವ ಆಂಟೆನಾ ಹೆಚ್ಚಾಗಿ ಪರದೆಯ ಅಂಚಿನಲ್ಲಿಯೇ ಇರುವುದರಿಂದ ಅದು ಎತ್ತರದಲ್ಲಿ, ಗೋಡೆಯ ಮರೆಯಿಲ್ಲದೆ ನಿಲ್ಲುವುದು ಲೇಸು. ಎರಡನೆಯದಾಗಿ, ಗುಪ್ತಪದವಿಲ್ಲದೆ ಹಾಟ್‌ಸ್ಪಾಟನ್ನು ಬೀದಿಗೆ ತೆರೆದಿಡಕೂಡದು. ಒಳಗಿನವರು ಯಾರು ಏನು ಮಾಡಿದರೂ ಹೊರಗೆ ಕಾಣುವುದು ಒಂದೇ ವಿಳಾಸ. ಅದು ನಮಗೆ ತಂತಿ ಕೊಟ್ಟ ಮನೆಯವರದು. ಅಂಚೆಯ ಲೆಕ್ಕದಲ್ಲಿ ವಠಾರದ ಮಾನ ಒಂದೇ.

ಮರುದಿನ ಬೆಳಗ್ಗೆ ಲ್ಯಾಪ್‌ಟಾಪನ್ನು ಪುಸ್ತಕದ ಬೀರುವಿನ ಮೇಲೆ ಏರಿಸಿಟ್ಟು, ಮೂವರೂ ಕೊಠಡಿಯ ಮೂರು ಮೂಲೆಗಳಲ್ಲಿ ಕೂತು ಪರೀಕ್ಷೆ ಬರೆದರು. ನಾನು ಬಾಗಿಲ ಬಳಿ ದಿನಚರಿಯನ್ನು ನೋಡುತ್ತಾ ಕಾವಲು ಕೂತಿದ್ದೆ. ಒಂದೂವರೆ ಗಂಟೆಯಲ್ಲಿ ಒಂದು ಸಾರಿಯೂ ಸಂಪರ್ಕ ಕಡಿಯಲಿಲ್ಲ. ಫಲಿತಾಂಶ ಇನ್ನೂ ಬರಬೇಕಾಗಿದೆ. ನಂಜನಗೂಡಿನ ಗೆಳೆಯನಿಗೆ ಆ ವೇತನ ದೊರಕಲೆಂದು ವಾಚಕರೂ ಹಾರೈಸಬೇಕೆಂದು ಪ್ರಾರ್ಥಿಸುತ್ತೇನೆ.

ಯಂತ್ರ ಕೆಟ್ಟಾಗ ನಾವು ಮೊದಲು ಯಂತ್ರವನ್ನು ಬಯ್ಯುತ್ತೇವೆ, ಆಮೇಲೆ ಪಕ್ಕದವರನ್ನು, ಕಡೆಯಲ್ಲಿ ಹಣೆಬರಹವನ್ನು. ಕೆಲಸವನ್ನು ಅದರ ಭಾಗಗಳಾಗಿ ಬಿಡಿಸಿ, ಸರಿಯಾಗಿರುವುದನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಬಂದರೆ, ಉಳಿಯುವುದು ದೋಷವೊಂದೇ. ಇದೇ ಕ್ರಮವನ್ನು ನಮ್ಮ ಅಧ್ಯಾಪಕರು ಶಾಸನದ ಕಾಲನಿರ್ಣಯ ಮಾಡುವಾಗ ತರಗತಿಯಲ್ಲಿ ಕಲಿಸುತ್ತಾರೆ. ಅದು ಒಂದು ರಾತ್ರಿ ಶಿವರಾಮಪೇಟೆಯ ಮಹಡಿಯ ಮೇಲೆ ಮೂರು ಜನರ ಉಪಯೋಗಕ್ಕೆ ಬರುತ್ತದೆಂದು ನಾನು ಎಣಿಸಿರಲಿಲ್ಲ.